ಖಾಲಿ ಉಳಿದ ಕುಳಿ

“ಮುಚ್ಚಿಡ ನಮ್ಮವ್ವಾ ಅದನ್ನ. ಗಾಡಿ ಬಂತು.”

ಅಂಜನಾಬಾಯಿ ಹೇಳಿದ್ದು ಮಗಳಿಗೆ ಕೇಳಿಸಿತು. ಅವಳು ಕೇಳಿಸಿಕೊಳ್ಳಲಿಲ್ಲ. ಶೀತಲ ನಾಣ್ಯದ ಪೆಟ್ಟಿಗೆಯನ್ನು ಅವಲಕ್ಕಿ ತಾಟಿನ ಪಕ್ಕಕ್ಕೇ ಇಟ್ಟು ಮುಚ್ಚಳ ತೆಗೆದಳು.

ನಾಣ್ಯ ಕೂಡಿಸುವವಳಿಗೆ ಜೋಡಿ ಕೂಡುತ್ತಿಲ್ಲ ಎಂದು ಔರಾದದ ಆ ಓಣಿಯಲ್ಲಿ ಆಗಲೇ ನಗೆಯಾಗಿತ್ತು. ಮೊದಲು ಬಂದ ಹುಡುಗ ಇದನ್ನು ಹುಚ್ಚು ಅಂದಿದ್ದ. ಎರಡನೆಯವನು ಪೆಟ್ಟಿಗೆಯ ತೂಕ ಕೇಳಿದ್ದ. ಇಬ್ಬರಿಗೂ ಶೀತಲ ಬಾಗಿಲು ತೋರಿಸಿದ್ದಳು.

ಈ ಸಲ ಹಾಗಲ್ಲ. ಬೀದರದಲ್ಲಿ ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಬಸವಕಿರಣ ಪದೇ ಪದೇ ಬಂದಿದ್ದ. ಜ್ವರವಿಲ್ಲದ ಮನುಷ್ಯ ಜ್ವರದ ಗುಳಿಗೆ ಕೊಳ್ಳಲು ಭಾಲ್ಕಿಯಿಂದ ಬರುತ್ತಾನೆಂದರೆ ಏನರ್ಥವೆಂದು ಅವಳಿಗೆ ಗೊತ್ತಿತ್ತು. ಅವನು ಬೇಕು ಅನ್ನಿಸಿಯೂ ಇತ್ತು. ಅದಕ್ಕೇ ಪೆಟ್ಟಿಗೆ ತೆರೆದಿಟ್ಟಳು. ಮುಚ್ಚಿಟ್ಟು ಗೆದ್ದರೆ ಜೀವಮಾನವಿಡೀ ಮುಚ್ಚಿಯೇ ಇಡಬೇಕು.

ಹುಡುಗನ ತಂದೆ ಹಾವಗೆಪ್ಪ ಭಾಲ್ಕಿಯ ಬೆಳ್ಳಿ ಬಂಗಾರದ ಸರಾಫ. ಕೂತವರೇ ಒಂದು ನಿಜಾಮನ ರೂಪಾಯಿ ಎತ್ತಿ, ಅದರ ಚಾರ್ಮಿನಾರ ಚಿತ್ರದ ಮೇಲೆ ಹೆಬ್ಬೆರಳು ಒತ್ತಿದರು.

“ಕಾಕಾರೆ, ಅಂಚು ಹಿಡೀರಿ. ಬೆವರು ಹತ್ತಿದರ ಕಲಿ ಬೀಳತದ,” ಅಂದಳು ಶೀತಲ.

“ಬೆಳ್ಳಿಗಿ ಬೆವರಿನ ಹೆದರಿಕಿ ಇಲ್ಲ ತಂಗಿ. ಬೆಂಕೀದು ಅದ,” ಹಾವಗೆಪ್ಪ ನಕ್ಕರು. “ನಮ್ಮನಿ ಹಿಂದೇ ಬೆಳ್ಳಿ ಕರಗಸೋ ಮೂಸಿ ಅದ. ನಮ್ಮಾಕಿನೂ ಮದಿವಿ ಆಗಿ ಬರೋವಾಗ ಇಂಥವ ಒಂದು ಗಂಟು ತಂದಿದ್ಲು. ಒಂದೇ ದಿನದಾಗ ಕರಗಿಸಿ ನಡಕ್ಕ ಡಾಬು ಮಾಡಿಸಿ ಕೊಟ್ಟೆ. ಆಕಿ ಒಂದಿನಾನೂ ಕಟ್ಟಲಿಲ್ಲ.”

“ಭಾರ ಆಗತದ,” ಅಂದರು ಹೆಂಡತಿ ಕಸ್ತೂರಿಬಾಯಿ.

ಅವರೂ ಒಂದು ನಾಣ್ಯ ಎತ್ತಿಕೊಂಡರು. ಯಾರದೋ ಎಂಜಲು ಎತ್ತುವವರಂತೆ, ಎರಡೇ ಬೆರಳ ತುದಿಯಲ್ಲಿ. ಚಷ್ಮಾದ ಮೇಲಿಂದೊಮ್ಮೆ, ಕೆಳಗಿಂದೊಮ್ಮೆ ನೋಡಿದರು. ಮುಖ ಸಪ್ಪಗಿತ್ತು.

ಅಂಜನಾಬಾಯಿಗೆ ಜೀವ ಹೋಯಿತು. “ಕಪ್ಪಾಗ್ಯಾವ್ರಿ ಅಷ್ಟೇ. ಹುಣಸಿಹಣ್ಣು ಹಚ್ಚಿ ತಿಕ್ಕಿ ತರ್ತೇನಿ, ಕನ್ನಡಿ ಹಂಗ ಹೊಳಿತಾವ.”

“ಕೂಡ್ರಿ ಸುಮ್ಮ. ಇದಕ್ಯಾಕ ಹುಣಸಿಹಣ್ಣು ದಂಡ?”

ಶೀತಲಳ ಕಿವಿ ಬಿಸಿಯಾಯಿತು. ಕಸ್ತೂರಿಬಾಯಿಯ ಬೆರಳು ಪೆಟ್ಟಿಗೆಯೊಳಗಿನ ಮಖಮಲ್ಲಿನ ಕಡೆ ತಿರುಗಿತು. ಸಾಲು ತುಂಬಿತ್ತು, ಒಂದು ಕುಳಿ ಬಿಟ್ಟು.

“ಇದ್ಯಾಕ ಖಾಲಿ?”

“ಹಿಂದಿನ ನಿಜಾಮಂದು ಬರಬೇಕ್ರಿ. ಇವುಗಳ ಚಾರ್ಮಿನಾರ ಬಾಗಿಲದಾಗ ಉರ್ದು ಐನ್ ಅಕ್ಷರ ಅದ. ಅದರಾಗ ಮೀಮ್ ಇರತದ. ಅಪ್ಪ ಕುರಿ ಮಾರಲಾಕ ಎಕಂಬಾ ಕಡಿ ಹೋದಾಗೆಲ್ಲ ಮುದುಕ್ಯಾರ ಹತ್ರ ಕೇಳತಿದ್ದ. ಸಿಗೋದರೊಳಗ ಅವನೇ ಹೋದ.”

“ಇಷ್ಟು ಬೆಳ್ಳಿ ಕಟಗೊಂಡು ಏನ ಮಾಡ್ತೀ? ಹಾರನಾರ ಆಗತಿತ್ತು,” ಅಂದರು ಹಾವಗೆಪ್ಪ.

ಶೀತಲ ಒಂದು ನಾಣ್ಯವನ್ನು ಬೆಳಕಿಗೆ ಹಿಡಿದಳು. “ಇದು ಬೆಳ್ಳಿ ಅಲ್ಲರಿ. ಇಲ್ಲಿ ನೋಡ್ರಿ, ಯಾರೋ ಖರೆ ಅದನೋ ಖೋಟಾ ಅದನೋ ಅಂತ ಕಚ್ಚಿ ನೋಡ್ಯಾರ. ಆ ಮನುಷ್ಯಾನ ಹೆಸರು ಹೋಗ್ಯದ, ಊರು ಹೋಗ್ಯದ. ಅವನ ಸಂಶಯ ಒಂದೇ ಉಳದದ. ಅದನ್ನ ಕರಗಸ್ತೀರೇನ್ರಿ?”

ಬಸವಕಿರಣ ಅವಲಕ್ಕಿ ತಿನ್ನುವುದನ್ನು ನಿಲ್ಲಿಸಿದ. ತಾಯಿಯ ಮುಖ ನೋಡಿದ. ತಾಯಿ ನಾಣ್ಯವನ್ನು ಅದರ ಕುಳಿಗೇ ಇಳಿಸಿ ಸೆರಗು ಕೊಡವಿಕೊಂಡರು.

“ನೋಡವ್ವಾ, ಹುಡುಗಿ ಛಲೋ ಇದ್ದಿ. ಆದ್ರ ಈ ಪೆಟಗಿ ನಮ್ಮನಿಗಿ ಬರಬಾರದು. ತವರಾಗೇ ಇಟ್ಟು ಬಾ.”

“ಇಟ್ಟು ಬಾ ಅಂದ್ರ ಬಿಟ್ಟು ಬಾ ಅಂತರಿ. ನಾನು ಬಿಡಂಗಿಲ್ಲ. ನಿಮ್ಮನಿಯಾಗ ಇದಕ್ಕ ಜಾಗಾ ಇಲ್ಲಂದ್ರ ನನಗೂ ಇಲ್ಲ.”

ಅಂಜನಾಬಾಯಿ ಕಣ್ಣು ಮುಚ್ಚಿದರು.

“ಹಂಗಾದ್ರ ಮಾತು ಮುಗೀತು,” ಅಂದು ಕಸ್ತೂರಿಬಾಯಿ ಎದ್ದರು.

ಈ ಸೀಮೆಯಲ್ಲಿ ಹುಡುಗಿ ಒಪ್ಪಿಗೆಯಾದರೆ ಹುಡುಗನ ತಾಯಿ ಏಳುವ ಮೊದಲು ಅವಳ ಕೈಯಲ್ಲಿ ರೂಪಾಯಿ ಇಡಬೇಕು. ಇಡದೆ ಎದ್ದರೆ ಯಾರೂ ಏನೂ ಹೇಳಬೇಕಾಗಿಲ್ಲ. ಕಸ್ತೂರಿಬಾಯಿ ಇಡಲಿಲ್ಲ. ಅಂಗಳಕ್ಕೆ ಇಳಿದವರು ಗಾಡಿ ಹತ್ತುವಾಗ, “ಚಷ್ಮಾ ಮರೆತೆ,” ಎಂದು ಒಬ್ಬರೇ ಒಳಗೆ ಹೋಗಿ ಬಂದರು. ಶೀತಲಳ ಮುಖವನ್ನೂ ನೋಡದೆ ಗಾಡಿ ಹತ್ತಿದರು. ಬಸವಕಿರಣ ಮಾತ್ರ ತಿರುವಿನವರೆಗೂ ತಿರುಗಿ ನೋಡುತ್ತಿದ್ದ.

ಧೂಳು ಇಳಿಯಿತು. ಅಂಜನಾಬಾಯಿ ಕಟ್ಟೆಯ ಮೇಲೆ ಕುಸಿದರು. “ಕೈಯಾಗ ಒಂದು ರೂಪಾಯಿ ಸೈತ ಇಡಲಿಲ್ಲಲ್ಲೇ. ಅಷ್ಟು ಬೇಕಾಗಿತ್ತಾ ನಿನಗ?”

“ಬೇಕಾಗಿತ್ತು.” ಶೀತಲ ಅವ್ವನ ಮುಂದೆ ಬಂದು ನಿಂತಳು. ಅವ್ವನ ಅಳು ನಿಲ್ಲಿಸಬೇಕೆಂದರೆ ಅವಳಿಗೆ ಗೊತ್ತಿದ್ದುದು ಒಂದೇ ದಾರಿ. ಮೂಗೇರಿಸಿ, ಸೆರಗು ಹೊದ್ದು, ಕಸ್ತೂರಿಬಾಯಿಯ ದನಿ ತೆಗೆದಳು: “ನೋಡವ್ವಾ, ಈ ಪೆಟಗಿ ನಮ್ಮನಿಗಿ ಬರಬಾರದು.”

ಅಂಜನಾಬಾಯಿ ಅಳುತ್ತಲೇ ನಕ್ಕರು. ಶೀತಲಳಿಗೆ ಹುರುಪು ಬಂತು. ಅಂಗಳದಲ್ಲಿ ಬಿದ್ದಿದ್ದ ಬಾಟಲಿ ಬಿರಡೆಯೊಂದನ್ನು ಅತ್ತೆಯಾಗದ ಅತ್ತೆಯಂತೆ ಎತ್ತಿದಳು. ಎರಡೇ ಬೆರಳು. ಒಂದು ಈ ಅಂಚಿಗೆ, ಒಂದು ಆ ಅಂಚಿಗೆ. ಬಿರಡೆಯ ಮುಖಕ್ಕೆ ಉಗುರೂ ತಾಗದ ಹಾಗೆ.

ಅವಳ ಕೈ ಅಲ್ಲೇ ನಿಂತಿತು. ನಾಣ್ಯ ಬಲ್ಲವರು ಹಿಡಿಯುವುದೇ ಹೀಗೆ.

“ಅದೇನು ಚಷ್ಮಾ ಮರತಿದ್ಲೋ ಪುಣ್ಯಾತಗಿತ್ತಿ,” ಅಂಜನಾಬಾಯಿ ಮೂಗು ಒರೆಸಿಕೊಂಡರು. “ಒಳಗ ಹೋಗೋವಾಗ ಮೂಗಿನ ಮ್ಯಾಲೇ ಇತ್ತು.”

ಶೀತಲ ಒಳಗೆ ಓಡಿದಳು. ತೆರೆದೇ ಬಿಟ್ಟು ಬಂದಿದ್ದ ಪೆಟ್ಟಿಗೆಯನ್ನು ಯಾರೋ ಮುಚ್ಚಿದ್ದರು. ಮುಚ್ಚಳ ಎತ್ತಿದಳು.

ಖಾಲಿ ಕುಳಿಯಲ್ಲಿ ಒಂದು ರೂಪಾಯಿ ಕೂತಿತ್ತು: ಆ ಮದುವೆಯ ಗಂಟಿನಿಂದ ತಪ್ಪಿಸಿಕೊಂಡು ಮೂಸೆ ಕಾಣದ್ದು, ಹುಣಸೆಹಣ್ಣು ಕಾಣದ್ದು, ಕಪ್ಪು ಕಪ್ಪು ಚಾರ್ಮಿನಾರ, ಬಾಗಿಲಲ್ಲಿ ಮೀಮ್.