ಹೊಸ ಯಂತ್ರಕ್ಕೆ ಬರೆದ ವರದಿ

“ಈ ಕಡೀ ಹಾಳಿ ತಗದ ಬಿಡು, ಕಾಶಪ್ಪ,” ಎಂದರು ಸಾಹುಕಾರರು. ಇಳಕಲ್ಲಿನ ಅವರ ಕಲ್ಲಿನ ಕ್ವಾರಿಗೆ ಹೊಸ ಕೊರೆಯುವ ಯಂತ್ರಗಳು ಯಾಕೆ ಬೇಕೆಂದು ಬ್ಯಾಂಕಿಗೆ ಮನವರಿಕೆ ಮಾಡಿಕೊಡುವ ವರದಿ ಅದು. ಎಂಬತ್ತಮೂರರ ಬೇಸಿಗೆಯಿಡೀ ಕೂತು ಗುಮಾಸ್ತ ಕಾಶಪ್ಪ ಬರೆದಿದ್ದ. ಹೆಚ್ಚುವ ಉತ್ಪಾದನೆ, ಮದ್ರಾಸಿನಿಂದ ಬಂದ ಬೇಡಿಕೆ, ಕೆಲಸದಲ್ಲಿ ಉಳಿತಾಯವಾಗುವ ದಿನಗಳು ಎಲ್ಲ ಮೊದಲಿಗೆ. ಕೊನೆಯ ಹಾಳೆಯಲ್ಲಿ ಮಾತ್ರ, ಕೊರೆಯುವಾಗ ನೀರು ಚಿಮುಕಿಸಿ ಧೂಳು ಅಡಗಿಸುವ ಜೋಡಣೆ. ಅದರ ಕೆಳಗೆ, ಕೆಮ್ಮಿ ಕೆಮ್ಮಿ ಕೆಲಸ ಬಿಟ್ಟ ಹನ್ನೊಂದು ಜನರ ಹೆಸರು.

“ಧಣ್ಯಾರ, ಇದರ ಸಲುವಾಗೇ ನಾ ಬರ್ಯಾಕ ಕುಂತದ್ದು. ನಮ್ಮಣ್ಣನೂ ಅಲ್ಲೇ ಕೊರೀತಾನ್ರಿ.”

“ಖರೆ ಐತಿ. ಆದ್ರ ಇದರಿಂದ ಲಾಭ ಏನು ಅಂತ ಬ್ಯಾಂಕಿನವ್ರು ಕೇಳ್ತಾರ. ಏನಂತ ಬರೀತಿ?”

ಕಾಶಪ್ಪ ಹಾಳೆಗಳಿಗೆ ಚುಚ್ಚಿದ್ದ ಟಾಚಣಿ ಕಿತ್ತು ಆ ಹಾಳೆ ಬೇರೆ ಮಾಡಿದ. ಉಳಿದವನ್ನು ಅಂಚಿಗೆ ಅಂಚು ಕೂಡಿಸಿ ಮುಂದಿಟ್ಟ. ಸಾಹುಕಾರರು ಸಹಿ ಹಾಕಿದರು.

ದೀಪಾವಳಿಗೆ ಮೊದಲೇ ಯಂತ್ರಗಳು ಬಂದವು. ಅವನ ಅಣ್ಣ ಮಹಾಂತಪ್ಪ ಯಂತ್ರದ ಮೈ ಸವರಿ, ಸುತ್ತ ನಿಂತವರಿಗೆ ಹೆಮ್ಮೆಯಿಂದ ಹೇಳಿದ: “ನಮ್ಮ ಕಾಶೀನ ಬರದು ತರ್ಸ್ಯಾನ. ಇನ್ನ ಧೂಳು ಏಳೂದಿಲ್ಲ ನೋಡ್ರಿ.”

ಕಾಶಪ್ಪ ಬಾಯಿ ತೆರೆಯುವಷ್ಟರಲ್ಲಿ ಯಂತ್ರ ಶುರುವಾಗಿತ್ತು. ಎದ್ದ ಧೂಳಿನಲ್ಲಿ ಅಣ್ಣನ ಮುಖ ಮರೆಯಾಯಿತು. ಒಂದಿಷ್ಟು ಹೊತ್ತು ಕೆಮ್ಮಿದ ಮೇಲೆ, ಧೂಳಿನೊಳಗಿಂದಲೇ ಅವನ ದನಿ ಕೇಳಿಸಿತು.

“ಕಾಶೀ, ನೀರು ಎಲ್ಲಿಂದ ಬಿಡೂದೋ?”