ಮೂಕಿ ಚಿತ್ರಕ್ಕೆ ಗಟ್ಟಿಮೇಳ

ಪರದೆಯ ಮೇಲೆ ಎರಡು ಕೈಗಳು ಹಿಂದಿನಿಂದ ಬಂದು ಹೆಂಗಸಿನ ಕೊರಳನ್ನು ಬಳಸಿದ್ದೇ ತಡ, ಮುನಿವೆಂಕಟಪ್ಪ ಡೋಲಿನ ಮೇಲೆ ಗಟ್ಟಿಮೇಳ ಬಾರಿಸಿಬಿಟ್ಟ.

ಯಲಹಂಕದ ಆ ಸಭಾಂಗಣದಲ್ಲಿ ಹಳೆಯ ಮೂಕಿ ಚಿತ್ರ ಹಾಕಿ, ಪಕ್ಕದಲ್ಲೇ ಕೂತು ವಾದ್ಯ ನುಡಿಸುವ ಕಾರ್ಯಕ್ರಮ. ಕೀಬೋರ್ಡಿನ ಮುಬೀನ್ ಮೊದಲೇ ಹೇಳಿದ್ದ: “ಮುನಿಯಣ್ಣಾ, ಕೊಲೆಗಾರ ಕುತ್ತಿಗೆಗೆ ಕೈ ಹಾಕ್ದಾಗ ನಾವೆಲ್ಲ ಗಪ್‌ಚುಪ್. ಜನ ಹೆದರ್ಕೋಬೇಕು.” ಆದರೆ ಚಿಕ್ಕಜಾಲದ ಸುತ್ತಲ ಮದುವೆಗಳಲ್ಲಿ ಪಳಗಿದ ಕೈ ಅದು. ಹೆಣ್ಣಿನ ಕೊರಳ ಹತ್ತಿರ ಎರಡು ಕೈ ಕಂಡರೆ ತಾಳಿಯೆಂದೇ ಲೆಕ್ಕ. ಯಾರಾದರೂ ಸೀನಿದ್ದೋ ಅತ್ತಿದ್ದೋ, ಯಾವ ಅಪಶಕುನದ ಸದ್ದೂ ಕೇಳಿಸದಂತೆ ಬಡಿಯಬೇಕು.

ಜನ ಗೊಳ್ಳೆಂದು ನಕ್ಕರು. “ಏನ್ ಗುರು, ಮದ್ವೆನೇ ಮಾಡ್ಸಿಬಿಟ್ಯಲ್ಲ!” ಎಂದು ಯಾರೋ ಕೂಗಿದರು. ಪರದೆಯ ಹೆಂಗಸು ಬಾಯಿ ತೆರೆದು ಕಿರುಚುತ್ತಲೇ ಇದ್ದಳು. ಮುಜುಗರದಿಂದ ಮುನಿವೆಂಕಟಪ್ಪ ಮುಂದಿನ ಸಾಲಿನತ್ತ ನೋಡಿದ. ನಗದೆ ಕೂತವಳು ಮಗಳು ನಾಗವೇಣಿ ಒಬ್ಬಳೇ. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದವಳು. ಮರುದಿನ ಬೆಳಿಗ್ಗೆ ಅವಳನ್ನು ದಾಸರಹಳ್ಳಿಯ ಗಂಡನ ಮನೆಗೆ ವಾಪಸು ಬಿಟ್ಟುಬರುವುದೆಂದು ಅವನೇ ತೀರ್ಮಾನಿಸಿದ್ದ. ಅವಳ ಅಂಗೈ ತಾಳಿಗಿಂತ ಮೇಲೆ, ಗಂಟಲನ್ನು ಮುಚ್ಚಿಕೊಂಡಿತ್ತು.

“ಶುರು ಮಾಡಿ ಅಣ್ಣಾ, ಪೊಲೀಸ್ ಬಂದ್ರು,” ಎಂದು ಪರದೆ ತೋರಿಸಿ ಮುಬೀನ್ ಪಿಸುಗುಟ್ಟಿದ. ಮುನಿವೆಂಕಟಪ್ಪ ಡೋಲಿನ ಕೋಲನ್ನು ಕೆಳಗಿಟ್ಟ. “ನಾಗೂ, ನಾಳೆ ಓಗೋದ್ ಬ್ಯಾಡ ಕಣಮ್ಮಾ,” ಎಂದ. ವಾದ್ಯ ನಿಂತ ಸಭಾಂಗಣದಲ್ಲಿ ಅದು ಕೊನೆಯ ಸಾಲಿಗೂ ಕೇಳಿಸಿತು.