ಏಣಿ ವಾಪಸ್ಸು

ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ಎಂದಿನಂತೆ ನೀರು ಬಂತು, ಪೇಪರೂ ಬಂತು. ಗಂಡ ಎರವಲು ತಂದಿದ್ದ ಅಲ್ಯುಮಿನಿಯಂ ಏಣಿಯನ್ನು ಅವಳು ಮಡಚಿ, ಆಟೋದ ಮೇಲೆ ಕಟ್ಟಿಸಿಕೊಂಡು ಅದನ್ನು ಕೊಟ್ಟಿದ್ದ ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಮನೆಗೆ ಬಣ್ಣ ಕೊಂಡವರಿಗೆ ಅಲ್ಲಿ ಏಣಿಯನ್ನು ಸುಮ್ಮನೆ ಕೊಡುತ್ತಿದ್ದರು. ಕೆಲಸವಾದ ಮೇಲೆ ಹಿಂದಿರುಗಿಸಬೇಕು. ಇವತ್ತೇ ಅದನ್ನು ಒಪ್ಪಿಸಿ ಕೈತೊಳೆದುಕೊಳ್ಳಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು.

ಪೇಂಟ್ ಸೆಕ್ಷನ್ನಿನವನು ಮೊಬೈಲಿನಿಂದ ತಲೆ ಎತ್ತದೆ, "ಕಸ್ಟಮರ್ ಕೇರ್‌ಗೆ ಹೋಗಿ" ಎಂದ. ಕಸ್ಟಮರ್ ಕೇರಿನವಳು ಪೇಂಟ್ ಸೆಕ್ಷನ್ನಿನತ್ತ ಕೈ ತೋರಿಸಿದಳು. ಏಣಿ ಹೊತ್ತು ಮೂರನೆಯ ಸಲ ತಿರುಗುವಾಗ ಸೆಕ್ಯುರಿಟಿಯವನು, "ಏನಮ್ಮಾ, ಟೈಲ್ಸ್ ಒಡೀಬೇಕು ಅಂತಾನೇ ಬಂದಿದೀರಾ?" ಎಂದು ಗದರಿದ.

"ಯಾರಾದ್ರೂ ಇದನ್ನ ತಗೊಳ್ತೀರೋ, ಇಲ್ಲೇ ಬಿಸಾಕಿ ಹೋಗ್ಲೋ?" ಎಂದು ಅವಳು ಕಿರುಚಿದ ಮೇಲೆ ಮ್ಯಾನೇಜರ್ ಎದ್ದು ಬಂದ.

"ತಗೊಂಡೋರೇ ತಂದು ಕೊಡ್ಬೇಕು ಮೇಡಂ, ರೂಲ್ಸು. ಸರ್‌ನ ಕಳ್ಸಿ."

"ಅವರು ಬರಲ್ಲ."

"ಎಲ್ರೂ ಹಿಂಗೇನೇ. ಏನಾದ್ರೂ ಡ್ಯಾಮೇಜ್ ಆದ್ರೆ ಹೆಂಗಸರನ್ನ ಮುಂದೆ ಮಾಡ್ತಾರೆ." ಅವನು ಏಣಿಯನ್ನು ಬಿಡಿಸಿ ನಿಲ್ಲಿಸಿ, ಒಂದೊಂದೇ ಮೆಟ್ಟಿಲನ್ನು ಅಲ್ಲಾಡಿಸಿ ನೋಡಿದ. ಎಲ್ಲೂ ಒಂದು ಗೀರೂ ಇರಲಿಲ್ಲ. ಆದರೂ ಅನುಮಾನ ಹೋಗಲಿಲ್ಲ. "ನಿಜ ಹೇಳಿ ಮೇಡಂ, ಇದನ್ನ ಬೀಳಿಸಿದ್ರಿ ತಾನೆ?"

"ಇಲ್ಲ. ಏಣಿ ನಿಂತೇ ಇತ್ತು. ಬಿದ್ದಿದ್ದು ಅವರು."